ಬಿಸಿಲುಗಾಲದ ಪಥ್ಯ ಯಾರಿಗೆ?

ವೈಶಾಖ ಮಾಸ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬಯಲಿನಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ವಾಡಿಕೆ. ಆಗ ಮನೆಮನೆಗಳಲ್ಲಿಯೂ ಹಿರಿಯರ ಎಚ್ಚರಿಕೆಯ ಮಾತು ಕೇಳಿಬರುತ್ತದೆ. ಸಜ್ಜೆರೊಟ್ಟಿ ಉಷ್ಣ, ಈಗ ಬೇಡ. ಎಳ್ಳು, ಹುರುಳಿ ಚಳಿಗಾಲಕ್ಕಿರಲಿ. ಶೇಂಗಾ ಹಿಂಡಿ ಪಿತ್ತ, ಸ್ವಲ್ಪವೇ ಸಾಕು. ಮಂಡಾಳು ಒಗ್ಗರಣೆಯ ಜೊತೆಗೆ ಮಿರ್ಚಿ ಒಂದೇ ಇರಲಿ. ಈ ‘ಬೇಡ’ಗಳ ಹಿಂದೆ ಬಹು ದೀರ್ಘವಾದ ಇತಿಹಾಸವುಂಟು.

ಚರಕಸಂಹಿತೆಯ ಸೂತ್ರಸ್ಥಾನದ ೬ನೆಯ ಅಧ್ಯಾಯ ಋತುಚರ್ಯೆಗೆ ಮೀಸಲು. ಗ್ರೀಷ್ಮದಲ್ಲಿ ಸೂರ್ಯನು ಜಗತ್ತಿನ ಸಾರವನ್ನು ಹೀರಿಕೊಳ್ಳುತ್ತಾನೆ. ಆದುದರಿಂದ ಸಿಹಿಯಾದ, ತಂಪಾದ, ದ್ರವವೂ ಜಿಡ್ಡೂ ಉಳ್ಳ ಆಹಾರ ಹಿತ. ಉಪ್ಪು, ಹುಳಿ, ಖಾರ, ಉಷ್ಣ ಪದಾರ್ಥಗಳು ವರ್ಜ್ಯ ಎಂಬುದು ಅಲ್ಲಿನ ಉಪದೇಶ. ಮದ್ಯವಂತೂ ಬೇಡ, ಇಲ್ಲವೆ ಅತ್ಯಲ್ಪ, ಅಥವಾ ಬಹಳ ನೀರು ಬೆರೆಸಿ. ಮೊಸರು ಕೂಡ ಬೇಸಿಗೆಗೆ ಒಗ್ಗದೆಂದು ಆ ಗ್ರಂಥದ ಅಭಿಪ್ರಾಯ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೂ ಅರಸನ ಬೇಸಿಗೆಯ ಊಟ ಸಿಹಿಯಾಗಿ, ತಂಪಾಗಿ ಇರಲೆನ್ನುತ್ತದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡು ಆಗ ಚಾಲುಕ್ಯರದೇ ಆಗಿತ್ತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಚರಕನ ಕಾಲದಲ್ಲಿ ಖಾರವೆಂದರೆ ಮೆಣಸು, ಹಿಪ್ಪಲಿ, ಶುಂಠಿ. ಒಣ ಮೆಣಸಿನಕಾಯಿಯಾಗಲಿ ಶೇಂಗಾ ಆಗಲಿ ಆಗ ಭಾರತದಲ್ಲಿ ಇರಲಿಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ತುಗೀಸರು ಬಂದ ಮೇಲೆ ನಮ್ಮ ಅಡಿಗೆಮನೆಯನ್ನು ಹೊಕ್ಕವು. ಶಾಸ್ತ್ರವು ಪದಾರ್ಥದ ಹೆಸರಿಗಿಂತ ರುಚಿ ಗುಣಗಳನ್ನು ನೋಡಿ ನಿಯಮ ಮಾಡಿದ್ದರಿಂದ, ಹೊಸದಾಗಿ ಬಂದವಕ್ಕೂ ಹಳೆಯ ಪಟ್ಟಿಯಲ್ಲಿ ಸುಲಭವಾಗಿ ಸ್ಥಳ ದೊರೆಯಿತು.

ಆದರೆ ಬಿಸಿಲು ಒಂದೇ ಆದರೂ ಎಲ್ಲ ದೇಶಗಳ ಪಥ್ಯ ಒಂದೇ ಅಲ್ಲ. ಚೀನ ದೇಶದಲ್ಲಿಯೂ ಆಹಾರವನ್ನು ಉಷ್ಣ, ಶೀತ ಎಂದು ವಿಂಗಡಿಸುವುದುಂಟು; ಬೇಸಿಗೆಯಲ್ಲಿ ಕುರಿಮಾಂಸ, ಕರಿದ ತಿಂಡಿ, ಮದ್ಯಗಳನ್ನು ಮಿತಗೊಳಿಸುವುದುಂಟು. ಆದರೂ ೭ನೆಯ ಶತಮಾನದ ಪ್ರಸಿದ್ಧ ವೈದ್ಯ ಸುನ್ ಸಿಮಿಯಾವ್, ಬೇಸಿಗೆಯ ೭೨ ದಿನ ಕಹಿಯನ್ನು ಕಡಿಮೆ ಮಾಡಿ ಖಾರವನ್ನು ಹೆಚ್ಚಿಸಬೇಕೆಂದ! ಕಹಿ ಹೃದಯಕ್ಕೆ ಸೇರಿದ್ದು, ಖಾರ ಶ್ವಾಸಕೋಶಕ್ಕೆ ಬಲ ಕೊಡುವುದು ಎಂಬುದು ಅವರ ಲೆಕ್ಕ. ಹೊರಗೆ ಸೆಕೆ ಇದ್ದಾಗ ಹೊಟ್ಟೆಯೊಳಗೆ ತಂಪಿರುತ್ತದೆ, ಆದ್ದರಿಂದ ತಣ್ಣನೆಯ ಹಸಿ ಪದಾರ್ಥಗಳೂ ಮಿತಿ ಮೀರಬಾರದು ಎಂದೂ ಅಲ್ಲಿಯ ಹಿರಿಯರು ಹೇಳುತ್ತಾರೆ.

ಹೀಗೆ ಶಾಸ್ತ್ರಗಳೇ ಭಿನ್ನವಾದಾಗ ನಾವು ಕೇಳಬೇಕಾದ ಪ್ರಶ್ನೆ ಒಂದುಂಟು: ಈ ಪಥ್ಯ ಯಾರಿಗಾಗಿ ಹೇಳಿದ್ದು? ಚರಕಸಂಹಿತೆಯ ಆ ಭಾಗವನ್ನೇ ಮುಂದೆ ಓದಿ ನೋಡಿ. ಹಗಲು ತಂಪು ಕೋಣೆಯಲ್ಲಿ ನಿದ್ರೆ, ರಾತ್ರಿ ಬೆಳುದಿಂಗಳ ಮಾಳಿಗೆಯಲ್ಲಿ ಶಯನ, ಮೈಗೆ ಚಂದನ, ಕೊರಳಿಗೆ ಮುತ್ತು, ಬೀಸಣಿಗೆಯ ಗಾಳಿ. ವ್ಯಾಯಾಮವೂ ಕೂಡದು. ಇದು ನೆರಳಿನಲ್ಲಿ ಕುಳಿತವರ ದಿನಚರಿ. ಬಿಸಿಲಿನಲ್ಲಿ ಭತ್ತ ಕೊಯ್ಯುವವನಿಗೆ, ಕಲ್ಲು ಹೊರುವವಳಿಗೆ ಉಪ್ಪು ಬೇಡವೆಂದರೆ ಹೇಗೆ? ಬೆವರಿನೊಡನೆ ನೀರೂ ಉಪ್ಪೂ ಹೊರಗೆ ಹೋಗುತ್ತವೆ. ಎರಡನ್ನೂ ಮರಳಿ ತುಂಬಬೇಕೆಂದು ಇಂದಿನ ವೈದ್ಯವಿಜ್ಞಾನ ಹೇಳುತ್ತದೆ.

ನಮ್ಮ ರೈತರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರು. ಜೋಳದ ಅಂಬಲಿ, ಉಪ್ಪು ಬೆರೆಸಿದ ನೀರುಮಜ್ಜಿಗೆ, ಕಚ್ಚಿಕೊಳ್ಳಲು ಒಂದು ಉಳ್ಳಾಗಡ್ಡಿ: ಇದು ಹೊಲದ ಬುತ್ತಿ. ಸುಶ್ರುತಸಂಹಿತೆಯಾದರೋ ಸೆಕೆಯ ಕಾಲದಲ್ಲಿ ಮಜ್ಜಿಗೆಯನ್ನೂ ಕೊಡಬಾರದೆನ್ನುತ್ತದೆ. ಆ ಮಾತನ್ನು ನಮ್ಮ ಜನ ಕೇಳಲಿಲ್ಲ. ಕೇಳದೆ ಇದ್ದುದೇ ಒಳ್ಳೆಯದಾಯಿತು. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಮುಂದೆ ಸಿಂಧನೂರು ಭತ್ತದ ನಾಡಾಯಿತು, ತಟ್ಟೆಯಲ್ಲಿ ಅನ್ನದ ಪಾಲು ಹೆಚ್ಚಿತು. ಆದರೆ ಬಿಸಿಲೂ ಬೆವರೂ ಬದಲಾಗಲಿಲ್ಲ. ಅಂಬಲಿಯ ಪಾತ್ರೆಯನ್ನು ಅಟ್ಟಕ್ಕೆ ಏರಿಸುವ ಕಾಲ ಇನ್ನೂ ಬಂದಿಲ್ಲ.

೧೯೧೫ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ದೊರೆಯಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವರಿಗೂ ಅದು ಲಭ್ಯವೆಂದು ಆ ಬಂಡೆ ಸಾರುತ್ತದೆ. ಆರೋಗ್ಯದ ಮಾತಿಗೂ ಇದು ಸಲ್ಲುತ್ತದೆ. ಫ್ಯಾನಿನ ಕೆಳಗೆ ಕುಳಿತು ರೇಡಿಯೋ ಕೇಳುವ ನೀವು ಕರಿದದ್ದನ್ನು, ಅತಿ ಖಾರವನ್ನು ಅವಶ್ಯವಾಗಿ ಮಿತಗೊಳಿಸಿ. ರಕ್ತದೊತ್ತಡ ಇದ್ದವರು ಉಪ್ಪಿನ ವಿಚಾರದಲ್ಲಿ ವೈದ್ಯರ ಮಾತನ್ನು ಕೇಳಿ. ಆದರೆ ಮಧ್ಯಾಹ್ನ ನಿಮ್ಮ ಮನೆಯ ಕೆಲಸಕ್ಕೆ ಬಂದು ಬಿಸಿಲಿನಲ್ಲಿ ನಿಂತವರಿಗೆ ನಿಮ್ಮ ಪಥ್ಯವನ್ನು ಬಡಿಸಬೇಡಿ. ಅವರನ್ನು ನೆರಳಿಗೆ ಕರೆದು, ಉಪ್ಪು ಹಾಕಿದ ಮಜ್ಜಿಗೆಯನ್ನು ಚೊಂಬಿನ ತುಂಬ ಕೊಡಿ.