ಕಾರವಾರದ ಕಡಲು, ಅಕ್ಕರೆ ಬೇಡಿದ ಹುಡುಗಿ

1883ರಲ್ಲಿ ಸತ್ಯೇಂದ್ರನಾಥ ಠಾಕೂರರು ಕಾರವಾರದ ಜಿಲ್ಲಾ ನ್ಯಾಯಾಧೀಶರು. ಅವರ ಮನೆಗೆ ಬಂದಿದ್ದ ತಮ್ಮ ರವೀಂದ್ರನಾಥರಿಗೆ ಆಗ 22 ವರ್ಷ. ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ.

ಊರವರು ದೂರವಿಟ್ಟ ತಬ್ಬಲಿ ಹುಡುಗಿಯೊಬ್ಬಳು ಅದರಲ್ಲಿ ಸಂನ್ಯಾಸಿಯೊಬ್ಬನ ಅಕ್ಕರೆಗಾಗಿ ಹಂಬಲಿಸುತ್ತಾಳೆ. ಮಮತೆಯೂ ಬಂಧನವೆಂದು ಬೆದರಿ ಆತ ಅವಳನ್ನು ಬಿಟ್ಟುಹೋಗುತ್ತಾನೆ. ವ್ರತ ತೊರೆದು ಹಿಂದಿರುಗುವಷ್ಟರಲ್ಲಿ ಅವಳು ಬದುಕಿಲ್ಲ.

ಕಾರವಾರದಿಂದ ಮರಳಿದ ಕವಿಗೆ ಅದೇ ವರ್ಷ ಡಿಸೆಂಬರ್ 9ರಂದು ಮದುವೆಯಾಯಿತು. ವಧು ಭವತಾರಿಣಿಗೆ ಸುಮಾರು 10 ವರ್ಷ. ಗಂಡನ ಮನೆಯಲ್ಲಿ ಹೆಸರೂ ಬದಲಾಗಿ ಆಕೆ ಮೃಣಾಲಿನಿಯಾದರು. ಮೂವತ್ತು ತುಂಬುವ ಮೊದಲೇ, 1902ರಲ್ಲಿ ತೀರಿಕೊಂಡರು.

ನಾಟಕದ ಹುಡುಗಿಯಾದರೋ ಹಂಬಲವನ್ನು ಬಾಯಿಬಿಟ್ಟು ಹೇಳಿದಳು. ಒಳಮನೆಯ ಬಾಲವಧುವನ್ನು ‘ನಿನಗೇನು ಬೇಕಮ್ಮಾ?’ ಎಂದು ಕೇಳುವ ಪದ್ಧತಿ ಆ ಕಾಲಕ್ಕಿರಲಿಲ್ಲ. ಇಂದು ಕಾರವಾರದ ಕಡಲತೀರಕ್ಕೆ ಕವಿಯ ಹೆಸರಿದೆ. ಅಲ್ಲಿ ಅಡ್ಡಾಡುವವರು ಈ ಇಬ್ಬರು ಹುಡುಗಿಯರನ್ನೂ ಒಮ್ಮೆ ನೆನೆಯಬಹುದು.