ಬೋಸ್ಟನ್ ಮಾರಿತು, ನ್ಯೂಯಾರ್ಕ್ ಗೆದ್ದಿತು

ಒಬ್ಬ ಆಟಗಾರ ನಿಮ್ಮ ತಂಡದಲ್ಲಿದ್ದಾಗ ಸುಮಾರಾಗಿ ಆಡ್ತಾನೆ. ಬೇರೆ ತಂಡಕ್ಕೆ ಹೋದ ತಕ್ಷಣ ಹುಲಿ ಆಗ್ತಾನೆ. ಯಾಕೆ ಹೀಗೆ? ಐಪಿಎಲ್ ಹರಾಜು ಮುಗಿದ ಮೇಲೆ ಬೆಂಗಳೂರಿನ ಪ್ರತಿ ಟೀ ಅಂಗಡಿಯಲ್ಲೂ ಈ ಪ್ರಶ್ನೆ ಏಳುತ್ತೆ. ಆದ್ರೆ ಈ ನೋವನ್ನ ಒಂದು ಊರು ನೂರು ವರ್ಷಗಳಿಂದ ಹೊತ್ತುಕೊಂಡು ಬಂದಿದೆ. ಅಮೆರಿಕದ ಬೋಸ್ಟನ್. ತಂಡದ ಹೆಸರು ರೆಡ್ ಸಾಕ್ಸ್. ಆಟ ಬೇಸ್‌ಬಾಲ್.

ನಮಗೆ ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಚೆಂಡು ಎಸೆಯುವವನು ಪಿಚ್ಚರ್, ಅಂದ್ರೆ ನಮ್ಮ ಬೌಲರ್ ಅಂದ್ಕೊಳ್ಳಿ. ಹೋಮ್ ರನ್ ಅಂದ್ರೆ ಹೆಚ್ಚುಕಡಿಮೆ ನಮ್ಮ ಸಿಕ್ಸರ್. ತಂಡ ಗೆದ್ದಾಗ ಆ ಗೆಲುವನ್ನ ಒಬ್ಬ ಪಿಚ್ಚರ್ ಹೆಸರಿಗೆ ಬರೀತಾರೆ. ಇಷ್ಟು ಗೊತ್ತಿದ್ರೆ ಈ ಕಥೆಗೆ ಸಾಕು.

1903ರಿಂದ 1918ರ ನಡುವೆ ಬೋಸ್ಟನ್ ಐದು ಸಲ ವರ್ಲ್ಡ್ ಸೀರೀಸ್ ಗೆದ್ದಿತ್ತು. ನ್ಯೂಯಾರ್ಕ್ ಯಾಂಕೀಸ್ ಎಷ್ಟು ಗೆದ್ದಿತ್ತು? ಸೊನ್ನೆ. ಬೋಸ್ಟನ್‌ನಲ್ಲಿ ಬೇಬ್ ರೂತ್ ಅನ್ನೋ ಎಡಗೈ ಪಿಚ್ಚರ್ ಇದ್ದ. ಬಾಲ್ಟಿಮೋರ್‌ನ ಹುಡುಗ, ವಸತಿ ಶಾಲೆಯೊಂದರಲ್ಲಿ ಬೆಳೆದವನು. 1916ರಲ್ಲಿ 23 ಪಂದ್ಯ ಗೆದ್ದ, 1917ರಲ್ಲಿ 24. ಆಮೇಲೆ ಬ್ಯಾಟ್ ಹಿಡಿದ. 1919ರಲ್ಲಿ 29 ಹೋಮ್ ರನ್ ಹೊಡೆದು ದಾಖಲೆ ಮಾಡಿದ.

ಅದೇ ವರ್ಷ ಡಿಸೆಂಬರ್‌ನಲ್ಲಿ ಅವನನ್ನ ಮಾರಿಬಿಟ್ಟರು! ಒಂದು ಲಕ್ಷ ಡಾಲರ್. ಜೊತೆಗೆ ಬೋಸ್ಟನ್‌ನ ಮೈದಾನ ಫೆನ್‌ವೇ ಪಾರ್ಕನ್ನೇ ಅಡ ಇಟ್ಟು ಮೂರು ಲಕ್ಷ ಡಾಲರ್ ಸಾಲ. ಕೊಟ್ಟವರು ಯಾಂಕೀಸ್ ಕಡೆಯವರು. ಯೋಚನೆ ಮಾಡಿ, ನಿಮ್ಮ ಎದುರಾಳಿಯ ಕೈಯಲ್ಲಿ ನಿಮ್ಮ ಮನೆಯ ಪತ್ರ!

ಮಾರಿದವನು ತಂಡದ ಮಾಲೀಕ ಹ್ಯಾರಿ ಫ್ರೇಜಿ, ನಾಟಕಗಳ ನಿರ್ಮಾಪಕ. ಮಾರುವಾಗ ರೂತ್‌ನನ್ನ ಯಾರಾದರೂ ಕೇಳಿದ್ರಾ? ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆಗಿನ ನಿಯಮ ಹಾಗಿತ್ತು. ಒಪ್ಪಂದ ಮುಗಿದರೂ ಆಟಗಾರ ಆ ಕ್ಲಬ್‌ನ ಆಸ್ತಿ. ಇಟ್ಕೊಬಹುದು, ಮಾರಬಹುದು. ರೂತ್ ಆಗ ಕ್ಯಾಲಿಫೋರ್ನಿಯಾದಲ್ಲಿದ್ದ. ಯಾಂಕೀಸ್ ಮ್ಯಾನೇಜರ್ ರೈಲು ಹತ್ತಿ ಅಲ್ಲಿಗೇ ಹೋಗಿ ಅವನನ್ನ ಮಾತಾಡಿಸಿದ. ಈ ನಿಯಮ ಮುರಿದು ಬೀಳೋಕೆ 1975 ಬರಬೇಕಾಯ್ತು.

1920ರಲ್ಲಿ ರೂತ್ ಹೊಡೆದದ್ದು 54 ಹೋಮ್ ರನ್. ಬೋಸ್ಟನ್ ತಂಡದವರೆಲ್ಲ ಸೇರಿ ಅದರ ಅರ್ಧವನ್ನೂ ಹೊಡೆಯಲಿಲ್ಲ. ಮರುವರ್ಷ 59. 1927ರಲ್ಲಿ 60.

ನಾನು ಓದಿದ್ದು ಇಂಜಿನಿಯರಿಂಗ್. ಲ್ಯಾಬ್‌ನಲ್ಲಿ ಒಂದು ಪಾಠ ತಲೆಗೆ ಕೂತಿದೆ. ಫಲಿತಾಂಶ ಬದಲಾದ್ರೆ ಮೊದಲು ನೋಡಬೇಕಾದ್ದು, ಇನ್ನೇನೇನು ಬದಲಾಯ್ತು ಅಂತ. ರೂತ್ ವಿಷಯದಲ್ಲಿ ಅಂಗಿ ಮಾತ್ರ ಬದಲಾಗಲಿಲ್ಲ. 1919ರ ಆ 29ರಲ್ಲಿ ತವರು ಮೈದಾನ ಫೆನ್‌ವೇಯಲ್ಲಿ ಬಂದದ್ದು ಬರೀ 9. ಬಲಬದಿಯ ಬೌಂಡರಿ ಅಲ್ಲಿ ಅಷ್ಟು ದೂರ ಇತ್ತು, ಎಡಗೈ ಬ್ಯಾಟ್ಸ್‌ಮನ್‌ಗೆ ಕಷ್ಟ. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಅದೇ ಬದಿ ಹತ್ತಿರ. 1920ರಲ್ಲಿ ತವರಲ್ಲೇ 29 ಹೊಡೆದ. ಹೊರಗಿನ ಊರುಗಳಲ್ಲಿ? 20 ಇದ್ದದ್ದು 25 ಆಯ್ತು, ಅಷ್ಟೇ. ಇನ್ನೊಂದು ವಿಷಯ, ಯಾಂಕೀಸ್ ಅವನಿಗೆ ಬೌಲಿಂಗ್ ಹೆಚ್ಚುಕಡಿಮೆ ಬಿಡಿಸಿಬಿಟ್ಟರು. ಆ ವರ್ಷ ಅವನು ಪಿಚ್ ಮಾಡಿದ್ದು ಒಂದೇ ಪಂದ್ಯದಲ್ಲಿ. ಉಗುಳು ಹಚ್ಚಿ ಎಸೆಯೋ ಚೆಂಡಿಗೆ ನಿಷೇಧ ಬಂದದ್ದೂ ಅದೇ ವರ್ಷ. ರೂತ್ ಮಹಾನ್ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನ್ಯೂಯಾರ್ಕ್ ಅವನಿಗೆ ಸರಿಯಾದ ಜಾಗ ಕೊಟ್ಟಿತು.

ರೂತ್ ಒಬ್ಬನೇ ಆಗಿದ್ದಿದ್ರೆ ಬೋಸ್ಟನ್ ಹೇಗೋ ತಡಕೊಳ್ತಿತ್ತೇನೋ. ಆದ್ರೆ ಬಾಗಿಲು ತೆಗೆದ ಮೇಲೆ ಮನೆಯೇ ಖಾಲಿ ಆಯ್ತು. ಅವನಿಗಿಂತ ಮೊದಲೇ, 1919ರ ಜುಲೈನಲ್ಲಿ, ಕಾರ್ಲ್ ಮೇಸ್ ಹೋಗಿದ್ದ. ಮ್ಯಾನೇಜರ್ ಎಡ್ ಬ್ಯಾರೋ ಹೋದ. 1920ರ ಕೊನೆಗೆ ವೇಯ್ಟ್ ಹಾಯ್ಟ್, ವಾಲಿ ಶಾಂಗ್. ಮರುವರ್ಷ ಎವೆರೆಟ್ ಸ್ಕಾಟ್, ಜೋ ಬುಷ್, ಸ್ಯಾಮ್ ಜೋನ್ಸ್. 1922ರ ಜುಲೈನಲ್ಲಿ ಜೋ ಡುಗನ್. 1923ರ ಜನವರಿಯಲ್ಲಿ ಹರ್ಬ್ ಪೆನ್ನಾಕ್. ಎಲ್ಲರೂ ಹೋದದ್ದು ಒಂದೇ ವಿಳಾಸಕ್ಕೆ.

1923ರಲ್ಲಿ ಯಾಂಕೀಸ್ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಆ ವರ್ಷ ಲೀಗ್‌ನಲ್ಲಿ ಅವರ ಗೆಲುವು 98. ಅದರಲ್ಲಿ ಜೋನ್ಸ್ 21, ಪೆನ್ನಾಕ್ 19, ಬುಷ್ 19, ಹಾಯ್ಟ್ 17, ಮೇಸ್ 5. ಕೂಡಿಸಿ ನೋಡಿ. 98ರಲ್ಲಿ 81 ಗೆಲುವು ಬೋಸ್ಟನ್‌ನ ಹಳೇ ಪಿಚ್ಚರ್‌ಗಳದ್ದು! ಯಾಂಕೀ ಸ್ಟೇಡಿಯಂ ಉದ್ಘಾಟನೆ ಆದದ್ದೂ ಆ ವರ್ಷ, ಏಪ್ರಿಲ್ 18ಕ್ಕೆ. ಎದುರಾಳಿ ಯಾರು? ಬೋಸ್ಟನ್. ಮೊದಲ ಹೋಮ್ ರನ್ ಹೊಡೆದವನು? ರೂತ್. ಆ ಸೀಸನ್ ಬೋಸ್ಟನ್ ಕೊನೇ ಸ್ಥಾನದಲ್ಲಿ ಮುಗಿಸಿತು.

ಪೆನ್ನಾಕ್‌ನ ಲೆಕ್ಕ ಗಮನಿಸಿ. 1922ರಲ್ಲಿ ಬೋಸ್ಟನ್‌ಗೆ 10 ಗೆಲುವು, 17 ಸೋಲು. ಮರುವರ್ಷ ನ್ಯೂಯಾರ್ಕ್‌ಗೆ 19 ಗೆಲುವು, 6 ಸೋಲು. ಒಂದು ಚಳಿಗಾಲದಲ್ಲಿ ಮನುಷ್ಯನ ಕೈ ಇಷ್ಟು ಬದಲಾಗುತ್ತಾ? ಇಲ್ಲ. ಬದಲಾದದ್ದು ಅವನ ಬೆನ್ನ ಹಿಂದೆ ನಿಂತವರು. ಫೀಲ್ಡರ್‌ಗಳು ಚೆಂಡು ಹಿಡೀತಾರೆ, ಬ್ಯಾಟ್ಸ್‌ಮನ್‌ಗಳು ರನ್ ಕೊಡ್ತಾರೆ, ಪಿಚ್ಚರ್ ಹೆಸರಿಗೆ ಗೆಲುವು ಬರುತ್ತೆ. ಹಾಗಂತ ಎಲ್ಲರೂ ಅಲ್ಲಿ ಹೋದ ಮೇಲೇ ಹೊಳೆದರು ಅನ್ನೋದು ಸರಿಯಲ್ಲ. ಸ್ಯಾಮ್ ಜೋನ್ಸ್ 1921ರಲ್ಲಿ ಬೋಸ್ಟನ್‌ಗೇ 23 ಗೆದ್ದುಕೊಟ್ಟಿದ್ದ.

ನನ್ನನ್ನ ಹೆಚ್ಚು ಕಾಡಿದವನು ರೂತ್ ಅಲ್ಲ, ರೆಡ್ ರಫಿಂಗ್. ಹುಡುಗನಾಗಿದ್ದಾಗ ಇಲಿನಾಯ್ಸ್‌ನ ಕಲ್ಲಿದ್ದಲು ಗಣಿಯ ಅಪಘಾತದಲ್ಲಿ ಎಡಗಾಲಿನ ನಾಲ್ಕು ಬೆರಳು ಕಳಕೊಂಡವನು. ಓಡೋಕೆ ಆಗಲ್ಲ ಅಂತ ಪಿಚ್ಚರ್ ಆದ. ಬೋಸ್ಟನ್‌ಗೆ ಆಡಿ 1928ರಲ್ಲಿ 25 ಪಂದ್ಯ ಸೋತ, 1929ರಲ್ಲಿ 22. ಬೋಸ್ಟನ್‌ನಲ್ಲಿ ಅವನ ಒಟ್ಟು ಲೆಕ್ಕ 39 ಗೆಲುವು, 96 ಸೋಲು. 1930ರ ಮೇ ತಿಂಗಳಲ್ಲಿ ಯಾಂಕೀಸ್‌ಗೆ ಮಾರಿದರು. ಒಬ್ಬ ಆಟಗಾರ ಮತ್ತು 50 ಸಾವಿರ ಡಾಲರ್ ಬದಲಿಗೆ. ಅಲ್ಲಿ? 231 ಗೆಲುವು, 124 ಸೋಲು. 1967ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿದ. ಬೋಸ್ಟನ್‌ನಲ್ಲೇ ಉಳಿದಿದ್ದಿದ್ರೆ? ಮತ್ತೆ ಗಣಿ ಕಡೆಗೇ ಹೋಗ್ತಿದ್ದನೋ ಏನೋ.

ಇನ್ನು ಫ್ರೇಜಿ ಕಥೆ. 'ನೋ, ನೋ, ನ್ಯಾನೆಟ್' ಅನ್ನೋ ನಾಟಕಕ್ಕೆ ದುಡ್ಡು ಹೊಂದಿಸೋಕೆ ರೂತ್‌ನನ್ನ ಮಾರಿದ ಅಂತ ಬೋಸ್ಟನ್ ಬೈತಾನೇ ಬಂತು. ಆ ನಾಟಕ ಬ್ರಾಡ್‌ವೇಗೆ ಬಂದದ್ದು 1925ರಲ್ಲಿ, ಐದು ವರ್ಷದ ಮೇಲೆ! ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಾರು ಮಾಡಿದ ಹೆನ್ರಿ ಫೋರ್ಡ್ ಒಂದು ಪತ್ರಿಕೆ ನಡೆಸ್ತಿದ್ದ. ಯಹೂದಿಗಳ ಮೇಲೆ ವಿಷ ಕಾರೋ ಪತ್ರಿಕೆ. ಬೇಸ್‌ಬಾಲ್ ಹಾಳಾಗೋಕೆ ಯಹೂದಿಗಳೇ ಕಾರಣ ಅಂತ ಬರೆದು ಅದು ಫ್ರೇಜಿಯನ್ನೂ ಎಳೆದು ತಂದಿತು. ಅವನು ಯಹೂದಿಯೇ ಅಲ್ಲ, ಪ್ರೆಸ್ಬಿಟೇರಿಯನ್ ಕ್ರೈಸ್ತ. ಯಹೂದಿ ಆಗಿದ್ದರೂ ಆ ಬರಹ ಅಷ್ಟೇ ಹೊಲಸು. ಮಾಧ್ಯಮದಲ್ಲಿ ಕೂತ ನನಗೆ ಇದನ್ನ ಓದುವಾಗ ಹೊಟ್ಟೆ ತೊಳಸುತ್ತೆ. ಸೋಲಿಗೆ ಕಾರಣ ಹುಡುಕೋ ಜನರಿಗೆ ಒಂದು ಜಾತಿ ತೋರಿಸಿಕೊಟ್ಟರೆ ಕೆಲಸ ಎಷ್ಟು ಸಲೀಸು ನೋಡಿ.

ಆಮೇಲೆ 'ಶಾಪ' ಅನ್ನೋ ಮಾತು ಬಂತು. ಬೇಬ್ ರೂತ್‌ನ ಶಾಪ! ಬೋಸ್ಟನ್ 1918ರ ನಂತರ 2004ರವರೆಗೆ ಗೆಲ್ಲಲಿಲ್ಲ ನಿಜ. ಆದ್ರೆ ಆ 2004ರ ಗೆಲುವಿನ ಹೀರೋಗಳಲ್ಲಿ ಒಬ್ಬ ಡೇವಿಡ್ ಓರ್ಟಿಜ್. ಅವನನ್ನ 2002ರಲ್ಲಿ ಮಿನ್ನೆಸೋಟ ತಂಡ ಬೇಡ ಅಂತ ಕೈಬಿಟ್ಟಿತ್ತು. ಮಿನ್ನೆಸೋಟದವರು ಶಾಪದ ಬಗ್ಗೆ ಪುಸ್ತಕ ಬರೀಲಿಲ್ಲ. ಬೋಸ್ಟನ್ ಬಿಟ್ಟು 2013ರಲ್ಲಿ ಯಾಂಕೀಸ್ ಸೇರಿದ ಜಾಕೋಬಿ ಎಲ್ಸ್‌ಬರಿ ನೆನಪಿದೆಯಾ? ಏಳು ವರ್ಷಕ್ಕೆ 15 ಕೋಟಿ 30 ಲಕ್ಷ ಡಾಲರ್. ಗಾಯದ ಮೇಲೆ ಗಾಯ, 2017ರ ನಂತರ ಮೈದಾನಕ್ಕೇ ಇಳಿಯಲಿಲ್ಲ. ಅವನ ಹೆಸರಲ್ಲಿ ಯಾರೂ ಅಳಲ್ಲ. ಹೋಗಿ ಗೆದ್ದವರನ್ನ ಮಾತ್ರ ನಾವು ಎಣಿಸ್ತೀವಿ, ಹೋಗಿ ಕಳೆದುಹೋದವರನ್ನ ಎಣಿಸಲ್ಲ.

2020ರ ಫೆಬ್ರವರಿ. ರೂತ್ ಮಾರಾಟದ ಸುದ್ದಿ ಹೊರಬಿದ್ದು ನೂರು ವರ್ಷ, ಒಂದು ತಿಂಗಳು. ಬೋಸ್ಟನ್ ತನ್ನ ಅತ್ಯುತ್ತಮ ಆಟಗಾರ ಮೂಕಿ ಬೆಟ್ಸ್‌ನನ್ನ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟಿತು. ಸಂಬಳದ ಲೆಕ್ಕಾಚಾರ. ಬೆಟ್ಸ್‌ಗೆ ಡಾಡ್ಜರ್ಸ್ 12 ವರ್ಷಕ್ಕೆ 36 ಕೋಟಿ 50 ಲಕ್ಷ ಡಾಲರ್ ಬರೆದುಕೊಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಬೋಸ್ಟನ್ ತನ್ನ ವಿಭಾಗದಲ್ಲಿ ಕೊನೇ ಸ್ಥಾನದಲ್ಲಿತ್ತು.