ಕೊಂಡ ಡಿಸ್ಕ್ ಯಾರದು?

ಡೊಂಬಿವಲಿಯಲ್ಲೋ ಕಲ್ಯಾಣ್‌ನಲ್ಲೋ ಮಧ್ಯಮವರ್ಗದ ಹುಡುಗ 2013ರ ಸುಮಾರಿಗೆ ಹೊಸ ವಿಡಿಯೋ ಗೇಮ್ ಕೊಳ್ಳುತ್ತಿದ್ದನೆಂದರೆ ಅದರ ಹಿಂದೆ ಒಂದು ಲೆಕ್ಕ ಇರುತ್ತಿತ್ತು. ಡಿಸ್ಕಿಗೆ ಎರಡೂವರೆ-ಮೂರು ಸಾವಿರ ರೂಪಾಯಿ. ಆಡಿ ಮುಗಿಸಿ ಗೆಳೆಯನ ಡಿಸ್ಕಿನೊಂದಿಗೆ ಅದಲುಬದಲು ಮಾಡಿಕೊಂಡು, ಕೊನೆಗೆ ಮಾರಿಬಿಟ್ಟರೆ ಮುಂದಿನ ಗೇಮಿಗೆ ಒಂದಿಷ್ಟು ಕೈಗೆ ಬರುತ್ತಿತ್ತು. ಥಾಣೆಯಿಂದ ನವಿಮುಂಬಯಿವರೆಗೆ ಈ ಹವ್ಯಾಸ ನಡೆದದ್ದೇ ಹೀಗೆ, ಕೈಯಿಂದ ಕೈಗೆ.

ಮೈಕ್ರೋಸಾಫ್ಟ್ ಏಟು ಹಾಕಿದ್ದು ಈ ಲೆಕ್ಕಕ್ಕೇ. 2013ರ ಮೇ 21ರಂದು ಎಕ್ಸ್‌ಬಾಕ್ಸ್ ಒನ್ ಅನಾವರಣಗೊಂಡಿತು. ಆಮೇಲೆ ಒಂದೊಂದಾಗಿ ನಿಯಮಗಳು ಹೊರಬಿದ್ದವು: 24 ಗಂಟೆಗೊಮ್ಮೆಯಾದರೂ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು; ಡಿಸ್ಕನ್ನು ಬೇರೆಯವರಿಗೆ ದಾಟಿಸಲು, ಮಾರಲು ಕಂಪನಿಯ ಕಟ್ಟಳೆಗಳಿವೆ. ಮೊದಲಿಗೆ ಬೆಂಬಲ ಸಿಗಲಿದ್ದ 21 ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರೇ ಇರಲಿಲ್ಲ. ಕನ್ನಡದಲ್ಲಿ 'ಕೊಂಡೆ' ಎಂದರೆ ವಸ್ತು ನನ್ನದಾಯಿತು ಎಂದೇ ಅರ್ಥ. ಕಂಪನಿಯ ಮನಸ್ಸಿನಲ್ಲಿ ಅದಾಗಲೇ ಬರೀ ಬಳಸುವ ಪರವಾನಗಿಯಾಗಿತ್ತು. ಇಂಟರ್ನೆಟ್ ಇಲ್ಲದವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬ ಧಾಟಿಯಲ್ಲಿ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಮಾತಾಡಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸೋನಿ ಇದಕ್ಕೆ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೋದಲ್ಲಿ ಉತ್ತರ ಕೊಟ್ಟಿತು: ಒಬ್ಬ ಡಿಸ್ಕ್ ಚಾಚುತ್ತಾನೆ, ಇನ್ನೊಬ್ಬ ತೆಗೆದುಕೊಳ್ಳುತ್ತಾನೆ, ಅಷ್ಟೇ. ಬೆಲೆಯಲ್ಲೂ ಅದೇ ಕತೆ. ಎಕ್ಸ್‌ಬಾಕ್ಸ್ ಒನ್ 499 ಡಾಲರ್, ಪ್ಲೇಸ್ಟೇಷನ್ 4 ಬರೀ 399.

ನಿಯಮಗಳನ್ನು ಹಿಂತೆಗೆದುಕೊಂಡವರು ಫಿಲ್ ಸ್ಪೆನ್ಸರ್ ಎಂದು ಅನೇಕರ ನೆನಪು. ಹಾಗಲ್ಲ. ಜೂನ್ 19ರಂದು ಸ್ವತಃ ಮ್ಯಾಟ್ರಿಕ್ ಅವರೇ ಹಿಂದೆ ಸರಿದರು, ಮರುತಿಂಗಳು ಕಂಪನಿಯನ್ನೇ ಬಿಟ್ಟರು. ಆದರೆ ಕಳೆದುಹೋದ ನಂಬಿಕೆ ಒಂದು ಪ್ರಕಟಣೆಯಿಂದ ಮರಳುವಂಥದ್ದಲ್ಲ.

2014ರ ಫೆಬ್ರವರಿ 4ರಂದು ಸತ್ಯ ನಾದೆಲ್ಲ ಸಿಇಒ ಆದಾಗ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲೂ ಮಣಿಪಾಲದ ಹೆಸರು. ಅಲ್ಲಿನ ತಾಂತ್ರಿಕ ಕಾಲೇಜಿನಿಂದ 1988ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು ಅವರು. ಕ್ಲೌಡ್ ಕಡೆಯಿಂದ ಬಂದ ಅವರಿಗೆ ಈ ಆಟದ ಪೆಟ್ಟಿಗೆ ಬೇಕೇ ಬೇಡವೇ ಎಂಬುದೇ ಪ್ರಶ್ನೆಯಾಗಿತ್ತು. ಅದನ್ನು ಮಾರಿಯೋ ಮುಚ್ಚಿಯೋ ಕೈತೊಳೆದುಕೊಳ್ಳಬಹುದಿತ್ತು. ಅವರು ಉಳಿಸಿಕೊಂಡರು, ಮಾರ್ಚ್ 31ರಂದು ಸ್ಪೆನ್ಸರ್‌ಗೆ ವಹಿಸಿದರು. ನಾದೆಲ್ಲರ ಪಾಲು ಇಲ್ಲಿ ಮುಖ್ಯವಾಗಿ ಇಷ್ಟು: ತಕ್ಕವರಿಗೆ ಕೊಟ್ಟು, ಹಣ ಒದಗಿಸಿ, ಕಾದದ್ದು.

ಸ್ಪೆನ್ಸರ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕಡ್ಡಾಯವಾಗಿ ಅಂಟಿಸಿದ್ದ ಕಿನೆಕ್ಟ್ ಕ್ಯಾಮೆರಾವನ್ನು ಬಿಡಿಸಿ ಬೆಲೆಯನ್ನು 399 ಡಾಲರ್‌ಗೆ ಇಳಿಸಿದ್ದು. ಆ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್‌ಗೆ ಮೈನ್‌ಕ್ರಾಫ್ಟ್ ತಯಾರಿಸಿದ ಮೊಯಾಂಗ್ ಕಂಪನಿಯನ್ನು ಕೊಳ್ಳುವ ಒಪ್ಪಂದವಾಯಿತು. ಅದೇ ತಿಂಗಳ 23ರಂದು ಎಕ್ಸ್‌ಬಾಕ್ಸ್ ಒನ್ ಭಾರತಕ್ಕೂ ಬಂತು, 39,990 ರೂಪಾಯಿಗೆ. ಸೋನಿಯ ಪೆಟ್ಟಿಗೆ ಅದೇ ಬೆಲೆಗೆ ಜನವರಿಯಿಂದಲೇ ಅಂಗಡಿಯಲ್ಲಿತ್ತು. 2015ರ ನವೆಂಬರ್‌ನಿಂದ ಹಳೆಯ 360ರ ಎಷ್ಟೋ ಡಿಸ್ಕುಗಳು ಹೊಸ ಯಂತ್ರದಲ್ಲೂ ಓಡತೊಡಗಿದವು. ನಿಜವಾದ ರಾಜಿಪಂಚಾಯಿತಿ ಎಂದರೆ ಇದು. ನೀನು ಕೊಂಡದ್ದು ಇನ್ನೂ ನಿನ್ನದೇ ಎಂದು ಕಂಪನಿ ಒಪ್ಪಿದಂತಾಯಿತು.

ಇಷ್ಟಾದರೂ ಆ ಸುತ್ತಿನ ಲೆಕ್ಕದಲ್ಲಿ ಎಕ್ಸ್‌ಬಾಕ್ಸ್ ಗೆಲ್ಲಲಿಲ್ಲ. ಪ್ಲೇಸ್ಟೇಷನ್ 4 ಅದರ ಎರಡರಷ್ಟಕ್ಕಿಂತ ಹೆಚ್ಚು ಮಾರಾಟವಾಯಿತು. ಸ್ಪೆನ್ಸರ್ ಮಾಡಿದ ಜಾಣತನವೆಂದರೆ ಪೆಟ್ಟಿಗೆಗಳನ್ನು ಎಣಿಸುವ ಆಟವನ್ನೇ ಬಿಟ್ಟದ್ದು. 2017ರಲ್ಲಿ ಗೇಮ್ ಪಾಸ್ ಬಂತು: ತಿಂಗಳ ಚಂದಾ, ನೂರಕ್ಕೂ ಹೆಚ್ಚು ಗೇಮ್. 2023ರ ಅಕ್ಟೋಬರ್‌ನಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕೂಡ ಕೈಸೇರಿತು. ಘೋಷಿಸಿದ್ದ ಬೆಲೆ 6,870 ಕೋಟಿ ಡಾಲರ್. ಮುಂದಿನ ವರ್ಷ ನೌಕರಿ ಕಡಿತ ಶುರುವಾಯಿತು. ಎಲ್ಲರೂ ಮೆಚ್ಚಿದ 'ಹೈ-ಫೈ ರಷ್' ತಯಾರಿಸಿದ ಟ್ಯಾಂಗೋ ಸ್ಟುಡಿಯೋವನ್ನು ಮುಚ್ಚುವುದಾಗಿ 2024ರ ಮೇ ತಿಂಗಳಲ್ಲಿ ಹೇಳಿದರು. ಆ ತಂಡಕ್ಕೆ ಕೊನೆಗೆ ನೆರಳು ಕೊಟ್ಟದ್ದು ನಮ್ಮ ಹುಡುಗರಿಗೆ ಬಿಜಿಎಂಐನಿಂದ ಪರಿಚಿತವಾದ ಕ್ರಾಫ್ಟನ್.

ಇನ್ನು ಡೊಂಬಿವಲಿಯ ಲೆಕ್ಕ. 2020ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದ ಅಗ್ಗದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಆಗ 34,990 ರೂಪಾಯಿ ಇತ್ತು. ಚಂದಾ ಕಟ್ಟಿದಷ್ಟು ದಿನ ಬೇಕಾದಷ್ಟು ಆಡಬಹುದು. ಡಿಸ್ಕ್ ಹಾಕುವ ಕಿಂಡಿ ಮಾತ್ರ ಅದರಲ್ಲಿ ಇಲ್ಲ.